ಒಂದು ಸರಪಳಿ ತಪ್ಪಿದ ಮೈಲಿ

ಜಾಡಿ

ಅಮೆರಿಕ ತಲುಪಿದ ಮೇಲೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ನಾಲ್ಕು ಅಂಗಿ ಒಗೆದದ್ದು. ನನ್ನ ಹೆಂಡತಿ ಮಂಗಳಾ ಮಾವಿನಕಾಯಿ ಉಪ್ಪಿನಕಾಯಿಯನ್ನು ಅವಳ ಅಮ್ಮನ ಕಾಲದ ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ನನ್ನ ಅಂಗಿಗಳ ನಡುವೆ ಮಲಗಿಸಿದ್ದಳು. ಅದೇ ಸೂಟ್‌ಕೇಸಿನ ತಳದಲ್ಲಿ ನಾನು ನನ್ನ ಅಳತೆ ಸರಪಳಿಯನ್ನು ಇಟ್ಟಿದ್ದೆ. ಅರವತ್ತಾರು ಅಡಿ ಉದ್ದ, ನೂರು ಕೊಂಡಿ, ಎರಡು ತುದಿಗೂ ಹಿತ್ತಾಳೆಯ ಹಿಡಿ. ಚೆನ್ನೈಯಿಂದ ಹೊರಟು ಎರಡು ವಿಮಾನ ಬದಲಿಸುವಷ್ಟರಲ್ಲಿ ಸರಪಳಿ ಜಾಡಿಯ ಕಥೆ ಮುಗಿಸಿತ್ತು.

"ನಿಮ್ಮ ಸರಪಳಿ ನಮ್ಮಮ್ಮನ ಜಾಡಿ ಒಡೀತು" ಎಂದಳು ಮಂಗಳಾ.

ಪ್ಲಾಸ್ಟಿಕ್ ಡಬ್ಬ ಸಾಕೆಂದು ನಾನು ಮೊದಲೇ ಬಡಿದುಕೊಂಡಿದ್ದೆನಲ್ಲ ಎಂದೆ.

"ಜಾಡಿಯಿಂದ ಜನ ಊಟ ಮಾಡ್ತಾರೆ. ಸರಪಳಿ ತಂದು ಏನ್ಮಾಡ್ತೀರಿ, ಅಮೆರಿಕಾನ ಕಟ್ಟಿಹಾಕ್ತೀರಾ?"

ಅವಳು ಚೂರುಗಳನ್ನೆಲ್ಲ ತೊಳೆದು, ಅಂಗೈ ಅಗಲದ ಒಂದನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಎರಡು ದಿನ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಈ ಜಗಳ ನಡೆದದ್ದು ಮಿನ್ನೆಸೋಟಾ ರಾಜ್ಯದ ನೈಋತ್ಯ ಮೂಲೆಯ ಒಂದು ಕೌಂಟಿಯಲ್ಲಿ, ಮಾರ್ಲಿಸ್ ಎಂಬವಳ ಮನೆಯಲ್ಲಿ. ಕೌಂಟಿ ಎಂದರೆ ನಮ್ಮ ಕಡೆಯ ತಾಲ್ಲೂಕಿನ ಹಾಗೆ. ಹೆಸರು ಹೇಳುವುದಿಲ್ಲ. ಅಲ್ಲಿನವರಿಗೆ ತಮ್ಮ ಬಗ್ಗೆ ನಾಲ್ಕು ಜನ ಮಾತಾಡುವುದು ಇಷ್ಟವಿಲ್ಲ. ಮಾರ್ಲಿಸ್ ಎಪ್ಪತ್ತರ ಹತ್ತಿರದವಳು, ಆ ಕೌಂಟಿಯ ಸರ್ವೇಯರ್. ನಾನು ಚೆನ್ನೈಯಲ್ಲಿ ಮೂವತ್ತೆಂಟು ವರ್ಷ ಜಮೀನು ಅಳೆದವನು. ಹಳೆಯ ಸರಪಳಿಗಳನ್ನು ಒರೆಸಿ ಎಣ್ಣೆ ಹಚ್ಚಿ ಇಟ್ಟುಕೊಳ್ಳುವ ಹುಚ್ಚ ನಾನೊಬ್ಬನೇ ಎಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಅಂಥವರದೇ ಒಂದು ಗುಂಪು ಸಿಕ್ಕಿತು, ಅದರಲ್ಲಿ ಈಕೆ ಸಿಕ್ಕಳು. ಹನ್ನೆರಡು ವರ್ಷ ನಾವು ಕೊಂಡಿ, ಹಿಡಿ, ತುಕ್ಕುಗಳ ಬಗ್ಗೆ ಪತ್ರ ಬರೆದುಕೊಂಡೆವು. ನಾನು ಕೆಲಸ ನಿಲ್ಲಿಸಿದಾಗ, "ನಿನ್ನ ಸರಪಳಿ ತೆಗೆದುಕೊಂಡು ಬಾ" ಎಂದು ಬರೆದಳು. ಮಂಗಳಾ ಹೇಳುವ ಪ್ರಕಾರ ಆ ಕರೆ ಬಂದದ್ದು ಸರಪಳಿಗೆ, ನಾವಿಬ್ಬರೂ ಅದರ ಜೊತೆಗೆ ಹೋದವರು.

ಚೌಕಗಳ ನಾಡು

ಆ ನೆಲವನ್ನು ಹೇಗೆ ಹೇಳಲಿ? ಚೆನ್ನೈಯ ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನ ಕಿಟಕಿ ತೆರೆದರೆ ಎದುರು ಮನೆಯವರ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಲೆಕ್ಕ ಇಡಬಹುದು. ಮಾರ್ಲಿಸ್ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಿಂತರೆ ಮೂರು ಊರಿನ ನೀರಿನ ಟ್ಯಾಂಕುಗಳು ಕಾಣುತ್ತಿದ್ದವು. ಒಂದು ಮಧ್ಯಾಹ್ನ ನಮ್ಮ ತಲೆಯ ಮೇಲೆ ಬಿಸಿಲಿದ್ದಾಗ ದೂರದ ಒಂದೇ ಒಂದು ಹೊಲದ ಮೇಲೆ ಮಳೆ ಸುರಿಯುತ್ತಿತ್ತು. ಮಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎನ್ನುವುದು ನನಗೆ ಮೊದಲ ಬಾರಿ ಕಂಡದ್ದು ಅಲ್ಲಿ. ನಾನು ತಟ್ಟೆ ಹಿಡಿದುಕೊಂಡು ಹೊರಗೆ ಬಂದು ನಿಂತುಬಿಟ್ಟೆ. ಉಪ್ಪಿಟ್ಟು ಆರಿಹೋಯಿತು.

ಇಡೀ ನಾಡನ್ನು ಒಂದೊಂದು ಮೈಲಿಯ ಚೌಕಗಳಾಗಿ ಕತ್ತರಿಸಿದ್ದಾರೆ. ಪ್ರತಿ ಮೈಲಿಗೆ ಒಂದು ರಸ್ತೆ, ದಾರ ಹಿಡಿದು ಎಳೆದಷ್ಟು ನೇರ. ನಾನು ಜೀವಮಾನವೆಲ್ಲ ಅಣ್ಣತಮ್ಮಂದಿರು ಹಂಚಿಕೊಂಡ, ಸರ್ವೆ ನಂಬರಿನ ಬಾಲಕ್ಕೆ ಬಾಲ ಹುಟ್ಟಿದ ಚಿಂದಿ ಜಾಗಗಳನ್ನು ಅಳೆದವನು. ಇಷ್ಟು ಶುದ್ಧವಾದ ಅಳತೆಯನ್ನು ನೋಡಿ ನಾನು ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ಮಂಗಳಾ ಕಾರಿನ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ, "ನಮ್ಮ ಚೆನ್ನೈಯ ಅಣ್ಣಾ ನಗರ್ ಲೇಔಟ್ ಥರ ಇದೆ, ಮನೆ ಕಟ್ಟೋದು ಮರೆತಿದಾರೆ" ಎಂದಳು.

ಆದರೆ ಒಂದು ಕಡೆ ಆ ನೇರವಾದ ರಸ್ತೆ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿ, ಸ್ವಲ್ಪ ದೂರ ಹೋಗಿ, ಮತ್ತೆ ಎಡಕ್ಕೆ ತಿರುಗಿ ಉತ್ತರಕ್ಕೆ ಹೊರಟಿತು. ಅಲ್ಲಿ ಗುಡ್ಡವಿಲ್ಲ, ಕೆರೆಯಿಲ್ಲ, ಯಾರ ಮನೆಯೂ ಅಡ್ಡವಿಲ್ಲ. ಯಾವ ದೊಡ್ಡ ಮನುಷ್ಯನ ಜಮೀನು ಉಳಿಸಲು ಹೀಗೆ ಮಾಡಿದ್ದಾರೆ ಎಂದು ಕೇಳಿದೆ. ನಮ್ಮ ಅನುಭವ ಅಂಥದ್ದು.

ಮಾರ್ಲಿಸ್ ಗಾಡಿ ನಿಲ್ಲಿಸಿದಳು. "ಯಾರದ್ದೂ ಅಲ್ಲ. ಭೂಮಿ ಗುಂಡಗಿದೆಯಲ್ಲ, ಅದಕ್ಕೆ" ಎಂದಳು.

ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಗುಂಡಗಿನ ಭೂಮಿಯ ಮೇಲೆ ಚೌಕ ಬರೆಯುತ್ತ ಹೋದರೆ ಕೊನೆಗೆ ಚೌಕ ಕೂಡುವುದಿಲ್ಲ. ಅದಕ್ಕೇ ಹಳೆಯ ಸರ್ವೇಯರುಗಳು ಕೆಲವು ಮೈಲಿಗೊಮ್ಮೆ ಗೆರೆ ನಿಲ್ಲಿಸಿ, ಸರಿಪಡಿಸಿ, ಹೊಸದಾಗಿ ಶುರು ಮಾಡಿದ್ದರು. ಇದೆಲ್ಲ ನನಗೆ ಗೊತ್ತಿದ್ದದ್ದೇ, ಪರೀಕ್ಷೆಗೆ ಬರೆದು ಪಾಸಾಗಿದ್ದೆ. ಆದರೆ ಭೂಮಿಯ ಗುಂಡಗಿನ ಮೈಯನ್ನು ಒಂದು ಜಲ್ಲಿ ರಸ್ತೆಯ ತಿರುವಿನಲ್ಲಿ ನಿಂತು, ಮೆಕ್ಕೆಜೋಳದ ಹೊಲದ ಪಕ್ಕದಲ್ಲಿ, ಕಣ್ಣಾರೆ ಕಂಡೇನು ಎಂದು ಎಣಿಸಿರಲಿಲ್ಲ. ನಾನು ಇಳಿದು ಆ ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ನಡೆದೆ. ನಮ್ಮ ಚೆನ್ನೈಯ ಪರಂಗಿಮಲೆ ಗುಡ್ಡದ ಬುಡದಿಂದ ಹೊರಟು ಭೂಮಿಯ ಬಾಗನ್ನು ಅಳೆಯುತ್ತ ಹಿಮಾಲಯದವರೆಗೆ ಹೋದ ಹಳೆಯ ಸರ್ವೆಯವರ ಕಥೆಯನ್ನು ಮಾರ್ಲಿಸ್‌ಗೆ ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಆದರೂ ಪೂರ್ತಿ ಕೇಳಿಸಿಕೊಂಡಳು.

ಎದುರಿಗೆ ಬರುವ ಪ್ರತಿ ಗಾಡಿಯವನೂ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುತ್ತಿದ್ದ. ಏನೋ ತಪ್ಪಾಗಿದೆ, ಟೈರು ನೋಡಿ ಅನ್ನುತ್ತಿದ್ದಾರೆ ಎಂದು ನಾನು ಎರಡು ಸಲ ಮಾರ್ಲಿಸ್‌ಳನ್ನು ಎಚ್ಚರಿಸಿದೆ. ಅದು ನಮಸ್ಕಾರವಂತೆ. ಗುರುತಿರಬೇಕೆಂದಿಲ್ಲ. ಇಷ್ಟು ಕಡಿಮೆ ಜನರಿದ್ದಾಗ ಒಬ್ಬರನ್ನೂ ಬಿಡುವ ಹಾಗಿಲ್ಲ ಎಂದಳು. ಆ ಕೌಂಟಿಯ ಜನರನ್ನೆಲ್ಲ ಸಂಜೆಯ ಎರಡು ಮಾಂಬಲಂ ಲೋಕಲ್ ಟ್ರೈನಿಗೆ ಹತ್ತಿಸಬಹುದು. ಒಂದು ಕಾಲದಲ್ಲಿ ನಾರ್ವೆಯಿಂದ, ಜರ್ಮನಿಯಿಂದ ಬಂದವರು ತುಂಬಿ ತುಳುಕಿ, ಇನ್ನೂ ಬರುತ್ತಾರೆಂದು ನಂಬಿ ಗೋಪುರವಿರುವ ಕೋರ್ಟ್‌ಹೌಸ್ ಕಟ್ಟಿದ್ದರು. ಟ್ರ್ಯಾಕ್ಟರು ದೊಡ್ಡದಾದಂತೆ ಜನ ಕಡಿಮೆಯಾದರು. ಈಗ ನಾಲ್ಕು ಊರಿಗೆ ಸೇರಿ ಒಂದು ಶಾಲೆ.

ಆ ಜನ ಯಾವುದನ್ನೂ ಹೊಗಳುವುದಿಲ್ಲ. ಮಂಗಳಾ ಮಾಡಿದ ಬಿಸಿಬೇಳೆಬಾತನ್ನು ಮಾರ್ಲಿಸ್ ಮೂರು ಸಲ ಹಾಕಿಸಿಕೊಂಡು ತಿಂದು, ಕೈ ಒರೆಸಿಕೊಂಡು, "ತೀರಾ ಕೆಟ್ಟದಾಗೇನಿಲ್ಲ" ಎಂದಳು. ಮಂಗಳಾಳ ಮುಖ ನೋಡಬೇಕಿತ್ತು. ಅಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆಯ ಮಾತು ಇಲ್ಲ ಎಂದು ತಿಳಿಯಲು ನಮಗೆ ನಾಲ್ಕು ದಿನ ಬೇಕಾಯಿತು.

ಕೋರ್ಟ್‌ಹೌಸಿನ ನೆಲಮಾಳಿಗೆ

ಅಲ್ಲಿ ಮಾರ್ಲಿಸ್ ಮೊದಲ ಅಳತೆಯ ಪುಸ್ತಕಗಳ ನಕಲು ತೋರಿಸಿದಳು. ಆ ನೆಲವನ್ನು ಮೊದಲು ಅಳೆದವರು ಹೆಜ್ಜೆಹೆಜ್ಜೆಗೂ ಬರೆದಿಟ್ಟ ಟಿಪ್ಪಣಿಗಳು. ಇಷ್ಟು ಸರಪಳಿಗೆ ಹಳ್ಳ, ಇಷ್ಟಕ್ಕೆ ಜೌಗು, ಮಣ್ಣು ಮೊದಲನೇ ದರ್ಜೆ. ಮೊದಲ ಪುಟದಲ್ಲಿ ಸರಪಳಿ ಎಳೆದವರ ಹೆಸರು, ಅವರು ಸರಿಯಾಗಿ ಅಳೆಯುತ್ತೇವೆಂದು ಮಾಡಿದ ಪ್ರಮಾಣ. ನಮ್ಮಲ್ಲಿ ಸರಪಳಿ ಎಳೆದವನ ಹೆಸರನ್ನು ಯಾರೂ ಬರೆಯುವುದಿಲ್ಲ. ನಾನು ಹನ್ನೊಂದು ವರ್ಷ ಎಳೆದಿದ್ದೇನೆ, ಯಾವ ಕಾಗದದಲ್ಲೂ ಇಲ್ಲ. ಆ ಹೆಸರುಗಳ ಮೇಲೆ ಬೆರಳಾಡಿಸಿ ನೋಡಿದೆ.

ಒಂದು ಸಾಲಿನಲ್ಲಿ 'ಇಂಡಿಯನ್ನರ ಕಾಲುದಾರಿ ದಾಟಿತು' ಎಂದಿತ್ತು. ಅಷ್ಟೇ. ಆ ದಾರಿಯಲ್ಲಿ ನಡೆಯುತ್ತಿದ್ದವರು ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನ. ಅವರನ್ನು ಮೊದಲು ಕಾಗದದ ಮೇಲೆ, ಆಮೇಲೆ ಬಂದೂಕು ಹಿಡಿದು ಅಲ್ಲಿಂದ ಎಬ್ಬಿಸಿದ್ದರು. ಸರಪಳಿಯವರು ಆ ಒಂದು ಸಾಲು ಬರೆದು ಮುಂದೆ ಹೋದರು. ನನಗೆ ಅವರನ್ನು ಬೈಯಲು ಬಾಯಿ ಬರಲಿಲ್ಲ. ಚೆನ್ನೈ ಹೊರವಲಯದ ಮಣಲಿಯಲ್ಲಿ ಕಾರ್ಖಾನೆಗಳಿಗೆ ಜಾಗ ಅಳೆಯುವಾಗ ಎಷ್ಟು ಜನರ ಗದ್ದೆ ಬದುಗಳ ಮೇಲೆ ನಾನೂ ಹೀಗೇ ನಡೆದುಹೋಗಿದ್ದೇನೆ. ಅವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು, ನಾನು ಕೊಂಡಿ ಎಣಿಸುತ್ತಿದ್ದೆ.

ಲೋಯಿಸ್

ಐದನೆಯ ದಿನ ಮಾರ್ಲಿಸ್ ನಮ್ಮನ್ನು ಲೋಯಿಸ್ ಎಂಬವಳ ಮನೆಗೆ ಕರೆದೊಯ್ದಳು. ಲೋಯಿಸ್‌ಗೆ ಅರವತ್ತೈದು ವರ್ಷ, ಶಾಲೆಯ ಬಸ್ಸು ಓಡಿಸುತ್ತಾಳೆ. ಭಾರೀ ಮೈಕಟ್ಟು, ಸಣ್ಣ ದನಿ. ಬೊಗಸೆಯಷ್ಟು ದೊಡ್ಡ ಕಪ್ಪಿನಲ್ಲಿ ಬಣ್ಣದ ನೀರಿನಂಥ ಕಾಫಿ ಕೊಟ್ಟಳು. ಮಂಗಳಾ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದಳು. ನಾನು ನೋಡಲಿಲ್ಲ.

ಲೋಯಿಸ್‌ಳ ಹುಲ್ಲುಗಾವಲಿನ ತುದಿಯಲ್ಲಿ ಒಂದು ಜಲ್ಲಿಗುಡ್ಡವಿದೆ. ಅದರ ಮೇಲೆ ನಾಲ್ಕು ಪುಟ್ಟ ಸಮಾಧಿಗಳು. ಹೆಸರು ಕೆತ್ತಿದ ಕಲ್ಲುಗಳಲ್ಲ, ಹೊಲದಿಂದ ಆರಿಸಿ ತಂದಿಟ್ಟ ಗುಂಡುಗಲ್ಲುಗಳು. ಅವಳ ಅಜ್ಜಿ ಐದು ಮಕ್ಕಳಲ್ಲಿ ಒಬ್ಬಳು. ಒಂದೇ ಚಳಿಗಾಲದಲ್ಲಿ ಗಂಟಲಬೇನೆ ಬಂದು ನಾಲ್ಕು ಹೋದವು, ಅಜ್ಜಿ ಉಳಿದಳು. ಪ್ರತಿ ವಸಂತದಲ್ಲೂ ಅಜ್ಜಿ ಲೋಯಿಸ್‌ಳ ಕೈ ಹಿಡಿದು ಗುಡ್ಡ ಹತ್ತಿಸಿ ಹೆಸರು ಹೇಳಿಸುತ್ತಿದ್ದಳಂತೆ. ಓಲೆ, ಇಂಗಾ, ಮಾರ್ತಾ, ಮತ್ತೆ ಮಗು.

"ಮಗುವಿಗೆ ಹೆಸರು?" ಎಂದು ಮಂಗಳಾ ಕೇಳಿದಳು.

"ಇಡುವಷ್ಟು ದಿನ ಇರಲಿಲ್ಲ" ಎಂದಳು ಲೋಯಿಸ್. ಹಳೆಯ ಜನಗಣತಿಯ ಪಟ್ಟಿಯಲ್ಲಿ ಉಳಿದ ಮೂವರ ಹೆಸರಿದೆಯಂತೆ. ಮಗು ಎರಡು ಗಣತಿಗಳ ನಡುವೆ ಬಂದು ಹೋಯಿತು, ಯಾವ ಪುಸ್ತಕದಲ್ಲೂ ಇಲ್ಲ.

ಈಗಿನ ಕಷ್ಟ ಇದು. ಉತ್ತರದ ಪಕ್ಕದ ಜಮೀನನ್ನು ಒಂದು ಜಲ್ಲಿ ಕಂಪನಿ ಕೊಂಡಿದೆ. ಎರಡು ಜಮೀನಿನ ನಡುವಿನ ಗಡಿಯ ಮೂಲ ಗುರುತು ಕಳೆದುಹೋಗಿದೆ. ಲೆಕ್ಕದ ಪ್ರಕಾರ ಗಡಿ ಹಾಕಿದರೆ ಸಮಾಧಿಗಳು ಸ್ವಲ್ಪದರಲ್ಲೇ ಕಂಪನಿಯ ಕಡೆಗೆ ಬೀಳುತ್ತವೆ. ಕಂಪನಿಯವರು ಕೆಟ್ಟವರಲ್ಲ. ತಮ್ಮ ಖರ್ಚಿನಲ್ಲೇ ಮಕ್ಕಳನ್ನು ಊರಿನ ಸ್ಮಶಾನಕ್ಕೆ ಸಾಗಿಸಿ ಒಳ್ಳೆಯ ಕಲ್ಲು ನಿಲ್ಲಿಸುತ್ತೇವೆ ಎಂದಿದ್ದಾರೆ. ಸೋಮವಾರ ಮಾರ್ಲಿಸ್ ಗಡಿಗೆ ಸಹಿ ಹಾಕಬೇಕು. ಅಂದು ಶುಕ್ರವಾರ.

"ಒಳ್ಳೆಯ ಜನವೇ" ಎಂದಳು ಲೋಯಿಸ್. ಕಪ್ಪು ತಿರುಗಿಸುತ್ತ, "ಆದರೆ ಮಕ್ಕಳಿಗೆ ಅಲ್ಲಿ ಅಭ್ಯಾಸ ಆಗಿದೆ" ಎಂದಳು.

ಅವಳು ಅಳಲಿಲ್ಲ. ಕಣ್ಣು ಒರೆಸಿಕೊಂಡವಳು ಮಂಗಳಾ. ನನಗಂತೂ ಆ ಮನೆಯಲ್ಲಿ ಕೂತಿರಲು ಆಗಲಿಲ್ಲ.

ತಪ್ಪು

ಹೊರಗೆ ಗಾಡಿಗೆ ಒರಗಿಕೊಂಡು ಮಾರ್ಲಿಸ್ ವಿವರ ಹೇಳಿದಳು. ಮೈಲಿಗೆ ಎಂಬತ್ತು ಸರಪಳಿ. ಈ ಮೈಲಿಯ ದಕ್ಷಿಣದ ಮೂಲೆಯ ಗುರುತೂ ಉತ್ತರದ ಮೂಲೆಯ ಗುರುತೂ ಸಿಕ್ಕಿವೆ. ಕಳೆದಿರುವುದು ನಡುವಿನದು. ಪುಸ್ತಕದ ಪ್ರಕಾರ ಅದು ದಕ್ಷಿಣದಿಂದ ಸರಿಯಾಗಿ ನಲವತ್ತು ಸರಪಳಿಯಲ್ಲಿರಬೇಕು. ಮರ, ಕಲ್ಲು ಹತ್ತಿರದಲ್ಲಿ ಇರಲಿಲ್ಲವಾದ್ದರಿಂದ ಅಲ್ಲಿ ಒಂದು ಸೇರಿನಷ್ಟು ಇದ್ದಿಲು ಹೂತು ಮೇಲೆ ಮಣ್ಣಿನ ದಿಬ್ಬ ಮಾಡಿದ್ದರು.

ಇದ್ದಿಲು ಎಂದ ಕೂಡಲೇ ಗಾಡಿಗೆ ಒರಗಿದ್ದ ನಾನು ನೆಟ್ಟಗೆ ನಿಂತೆ. ನಮ್ಮ ಕಡೆಯೂ ಹಳೆಯ ಗಡಿಕಲ್ಲಿನ ಬುಡದಲ್ಲಿ ಇದ್ದಿಲು, ಮಡಕೆಯ ಚೂರು ಹೂಳುತ್ತಿದ್ದರು. ಕಲ್ಲು ಕದಿಯುವವರು ಕಲ್ಲನ್ನು ಹೊತ್ತೊಯ್ಯುತ್ತಾರೆ, ಮಣ್ಣಿನೊಳಗಿನ ಇದ್ದಿಲು ಯಾರ ಕಣ್ಣಿಗೂ ಬೀಳುವುದಿಲ್ಲ, ಕೊಳೆಯುವುದೂ ಇಲ್ಲ. ಸಮುದ್ರದ ಆಚೆ ದಡದಲ್ಲಿ, ನಮ್ಮ ಹೆಸರನ್ನೂ ಕೇಳದವರು, ಅದೇ ಕೆಲಸ ಮಾಡಿದ್ದರು.

"ಹಾಗಾದರೆ ಅಗೆಯೋದು ತಾನೆ?" ಎಂದೆ.

ಅಗೆದಾಗಿತ್ತು. ತೊಂದರೆ ಏನೆಂದರೆ ಈ ಮೈಲಿಯಲ್ಲಿ ಎಂಬತ್ತಲ್ಲ, ಎಂಬತ್ತೊಂದು ಸರಪಳಿ ನೆಲವಿದೆ. ಹಳೆಯವರು ಎಲ್ಲೋ ಒಂದು ತಪ್ಪಿಸಿದ್ದಾರೆ. ಗುರುತು ಸಿಗದಿದ್ದರೆ ತಪ್ಪನ್ನು ಸಮನಾಗಿ ಹಂಚಬೇಕು ಎನ್ನುತ್ತದೆ ಕಾನೂನು. ಅಂದರೆ ಗಡಿ ನಲವತ್ತೂವರೆಯಲ್ಲಿ. ಅವಳು ಉಪಗ್ರಹದ ಯಂತ್ರ ಹಿಡಿದು ಗಾಡಿಯಲ್ಲಿ ನೇರವಾಗಿ ಅಲ್ಲಿಗೆ ಹೋಗಿ ಎರಡು ಸಲ ಅಗೆದಿದ್ದಳು. ಇದ್ದಿಲು ಇರಲಿಲ್ಲ. ಬರೀ ನಲವತ್ತರಲ್ಲೂ ಅಗೆದಿದ್ದಳು, ಅಲ್ಲೂ ಇರಲಿಲ್ಲ. ಮಳೆಗೆ ಕೊಚ್ಚಿಹೋಗಿರಬಹುದು ಎಂದು ಬಿಟ್ಟಿದ್ದಳು.

ನಾನು ಕೇಳಿದೆ, "ಗೆರೆಯನ್ನ ಮೊದಲಿಂದ ನಡೆದಿದ್ದೀಯಾ?"

ಮಾರ್ಲಿಸ್ ತನ್ನ ಮಂಡಿ ತೋರಿಸಿದಳು. ಇಪ್ಪತ್ತು ವರ್ಷದಿಂದ ಯಾವ ಗೆರೆಯನ್ನೂ ಪೂರ್ತಿ ನಡೆದಿಲ್ಲ ಎಂದಳು. ಹೇಳುವಾಗ ಸ್ವಲ್ಪ ನಾಚಿಕೊಂಡಳು.

ನನಗೆ ಮುನುಸಾಮಿ ನೆನಪಾದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮಣಲಿಯ ಹತ್ತಿರದ ಜೌಗಿನಲ್ಲಿ ನಾನು ಸರಪಳಿ ಎಳೆಯುತ್ತಿದ್ದಾಗಿನ ನನ್ನ ಮೇಸ್ತ್ರಿ. ಪ್ರತಿ ಸರಪಳಿಗೂ ಮುಂದಿನವನು ಒಂದು ಕಬ್ಬಿಣದ ಕಡ್ಡಿ ನೆಡುತ್ತಾನೆ, ಹಿಂದಿನವನು ಅದನ್ನು ಕಿತ್ತು ಇಟ್ಟುಕೊಳ್ಳುತ್ತಾನೆ. ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ, ಅದೇ ಲೆಕ್ಕ. ಕೆಸರಿನಲ್ಲಿ ನಾನೊಂದು ಕಡ್ಡಿ ಕಳೆದೆ. ಯಾರಿಗೂ ಹೇಳಲಿಲ್ಲ, ನನಗೇ ಗೊತ್ತಾಗಿರಲಿಲ್ಲ. ಕಾಂಪೌಂಡ್ ಗೋಡೆಯ ಪಾಯ ಅರವತ್ತಾರು ಅಡಿ ಆಚೆ ಹೋಗಿ ಯಾರದೋ ಗದ್ದೆಯೊಳಗೆ ಇಳಿಯಿತು. ಗದ್ದೆಯ ಯಜಮಾನ ಬಂದು ನನ್ನ ಮುಂದೆ ಸುಮ್ಮನೆ ನಿಂತ. ಮುನುಸಾಮಿ ಕಿರುಚಲಿಲ್ಲ. "ನಡಂದು ಪಾರು" ಎಂದರು ತಮಿಳಿನಲ್ಲಿ, ನಡೆದು ನೋಡು. ಬರಿಗಾಲಲ್ಲಿ ಮೊದಲಿಂದ ಇಡೀ ಗೆರೆ ನಡೆಸಿದರು. ಕೆಸರಿನಲ್ಲಿ ಕಡ್ಡಿ ಸಿಕ್ಕಿತು. ಆವತ್ತಿನಿಂದ ನನಗೆ ಗೊತ್ತು, ಸರಪಳಿ ಎಳೆಯುವವನ ತಪ್ಪು ಮೈಲಿಯುದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. ಅದು ಎಲ್ಲೋ ಒಂದು ಕಡೆ, ಕಾಲು ಹೂತ ಜಾಗದಲ್ಲಿ, ಇಡಿಯಾಗಿ ಬಿದ್ದಿರುತ್ತದೆ.

ಇದನ್ನೆಲ್ಲ ನಾನು ಮಾರ್ಲಿಸ್‌ಗೆ ಹೇಳಿದೆ. ಅವಳು ಪುಸ್ತಕದ ನಕಲು ತೆರೆದಳು. ಹನ್ನೊಂದನೆಯ ಸರಪಳಿಯಿಂದ ಹದಿನಾರರವರೆಗೆ ಜೌಗು ಎಂದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗೆರೆ

ಮರುದಿನ ಬೆಳಿಗ್ಗೆ ನಾವು ನಾಲ್ವರೂ ದಕ್ಷಿಣದ ಮೂಲೆಯಲ್ಲಿ ನಿಂತಿದ್ದೆವು. ಮಾರ್ಲಿಸ್ ಯಂತ್ರ ಹಿಡಿದು ದಿಕ್ಕು ಕೊಡುತ್ತಿದ್ದಳು. ಸರಪಳಿಯ ಮುಂದಿನ ಹಿಡಿ ನನ್ನ ಕೈಯಲ್ಲಿ, ಹಿಂದಿನದು ಲೋಯಿಸ್‌ಳ ಕೈಯಲ್ಲಿ. ಕಡ್ಡಿ ಕಿತ್ತು ಎಣಿಸುವವಳು ಮಂಗಳಾ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳು ನನ್ನ ಕೆಲಸದ ಜಾಗಕ್ಕೆ ಬಂದದ್ದು ಅದೇ ಮೊದಲು.

"ನನ್ನ ಹತ್ರ ಒಂದೂ ಕಳೆಯಲ್ಲ" ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಾರ್ಲಿಸ್ ಕೊಟ್ಟ ರಬ್ಬರ್ ಬೂಟು ಹಾಕಿಕೊಂಡಳು.

ಎಂದೂ ಉಳದ ಹುಲ್ಲುಗಾವಲು ಅದು. ಸೆಪ್ಟೆಂಬರಿನ ಹುಲ್ಲು ನನ್ನ ಭುಜದವರೆಗೆ ಬೆಳೆದು ಕೆಂಪಗಾಗಿತ್ತು. ಗಾಳಿ ಬಂದಾಗ ಇಡೀ ಗುಡ್ಡ ಹೊರಳಿದ ಹಾಗೆ ಕಾಣುತ್ತಿತ್ತು. ಕಾಲ ಕೆಳಗಿನ ಬೇರು ಮನುಷ್ಯನ ಎತ್ತರಕ್ಕಿಂತ ಆಳ ಹೋಗುತ್ತದಂತೆ. ಕೌಂಟಿಯ ನೆಲವೆಲ್ಲ ಒಮ್ಮೆ ಹೀಗಿತ್ತು, ಈಗ ಉಳಿದಿರುವುದು ನೇಗಿಲು ತಾಗದ ಇಂಥ ಜಲ್ಲಿಗುಡ್ಡಗಳಲ್ಲಿ ಮಾತ್ರ ಎಂದಳು ಮಾರ್ಲಿಸ್. ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಬಂದಿದ್ದೇನೆ ಎಂಬ ಅಳುಕು ನನಗೆ ಆಗುತ್ತಿತ್ತು.

ಜೌಗಿನಲ್ಲಿ ಮೊಣಕಾಲವರೆಗೆ ಹೂತೆ. ಲೋಯಿಸ್ ಸರಪಳಿಯಿಂದಲೇ ನನ್ನನ್ನು ಎಳೆದು ತೆಗೆದಳು. "ಕೊಂಜ ಇರಿ, ಕಡ್ಡಿ ನೋಡ್ಕೊಳ್ಳಿ" ಎಂದು ಹಿಂದಿನಿಂದ ಮಂಗಳಾ. ನಾನು ಹೂತದ್ದು ಅವಳಿಗೆ ಮುಖ್ಯವಾಗಿರಲಿಲ್ಲ.

ಜೌಗು ದಾಟಿದ ಮೇಲೆ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. 'ಇಪ್ಪತ್ತೆರಡು ಸರಪಳಿ. ಬಲಕ್ಕೆ ದೊಡ್ಡ ಬಂಡೆ, ಕಾಡೆಮ್ಮೆಗಳು ಉಜ್ಜಿ ನುಣುಪಾಗಿದೆ.' ಇಪ್ಪತ್ತೆರಡನೆಯ ಕಡ್ಡಿ ನೆಟ್ಟೆ. ಸುತ್ತ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಇಪ್ಪತ್ತಮೂರು ನೆಟ್ಟು ಬಲಕ್ಕೆ ತಿರುಗಿದೆ. ಹುಲ್ಲಿನ ನಡುವೆ ನನ್ನ ಎದೆಯೆತ್ತರದ ಒಂದು ಬಂಡೆ.

"ಇದರ ಮೇಲೆ ಕೂತು ನಾನು ಚಿಕ್ಕಂದಿನಲ್ಲಿ ಊಟ ಮಾಡುತ್ತಿದ್ದೆ" ಎಂದಳು ಲೋಯಿಸ್.

ಹಿಮಯುಗದ ಹಿಮನದಿಗಳು ಕೆನಡಾದಿಂದ ಹೊತ್ತು ತಂದು ಬಿಟ್ಟುಹೋದ ಬಂಡೆಯಂತೆ. ಕಾಡೆಮ್ಮೆಗಳು ಸಾವಿರಾರು ವರ್ಷ ಮೈ ತುರಿಸಿಕೊಂಡು ಅದರ ಅಂಚುಗಳನ್ನು ಕನ್ನಡಿ ಮಾಡಿದ್ದವು. ಸುತ್ತ ಅವುಗಳ ಕಾಲು ತುಳಿದ ಗುಂಡಿ ಇನ್ನೂ ಹಾಗೇ ಇತ್ತು. ನಾನು ಅಂಗೈ ಇಟ್ಟೆ, ಬಿಸಿಲಿಗೆ ಬೆಚ್ಚಗಿತ್ತು. ಈಗ ಆ ಕಾಡೆಮ್ಮೆಗಳಿಲ್ಲ, ಆ ದಾರಿಯ ಜನರಿಲ್ಲ, ಅಳೆದವರಿಲ್ಲ. ಬಂಡೆ ಮಾತ್ರ ಅವರು ಹೇಳಿದ್ದಕ್ಕಿಂತ ಒಂದು ಸರಪಳಿ ಆಚೆ ನಿಂತು ಕಾದಿತ್ತು.

"ಎಷ್ಟಿದೆ?" ಎಂದು ಮಾರ್ಲಿಸ್ ದೂರದಿಂದ ಕೇಳಿದಳು.

ಮಂಗಳಾ ಮತ್ತೆ ಎಣಿಸಿದಳು. "ಟ್ವೆಂಟಿ ತ್ರೀ" ಎಂದಳು.

ಕಡ್ಡಿ ಕಳೆದದ್ದು ಬಂಡೆಗಿಂತ ಮೊದಲೇ, ಆ ಜೌಗಿನಲ್ಲಿ. ಹಾಗಾದರೆ ಅವರು ನಲವತ್ತು ಎಂದು ಬರೆದ ಜಾಗ ನಿಜವಾಗಿ ನಲವತ್ತೊಂದು. ಮಾರ್ಲಿಸ್ ನಲವತ್ತೂವರೆಯಲ್ಲಿ ಅಗೆದ ಗುಂಡಿಗಿಂತ ಮೂವತ್ತಮೂರು ಅಡಿ ಉತ್ತರಕ್ಕೆ, ಗುಡ್ಡದ ನೆತ್ತಿಯಲ್ಲಿ, ಸಮಾಧಿಗಳ ಆಚೆ.

ಇದ್ದಿಲು

ನಲವತ್ತೊಂದನೆಯ ಕಡ್ಡಿ ನೆಟ್ಟೆ. ಸಮಾಧಿಯ ಗುಂಡುಗಲ್ಲುಗಳು ನಮ್ಮ ಬೆನ್ನ ಹಿಂದಿದ್ದವು. ಮಾರ್ಲಿಸ್ ಕರಣೆ ಹಿಡಿದು, ಮಂಡಿ ನೋವನ್ನೂ ಲೆಕ್ಕಿಸದೆ ಕೂತು, ಮಣ್ಣನ್ನು ಪದರ ಪದರವಾಗಿ ಕೆರೆದಳು. ಲೋಯಿಸ್ ಕೈಕಟ್ಟಿಕೊಂಡು ದೂರದಲ್ಲಿ, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಒಂದು ಅಡಿ ಹೋಯಿತು. ಬರೀ ಹಳದಿ ಜಲ್ಲಿ. ನಾನು ಒಳಗೊಳಗೇ ಮುನುಸಾಮಿಯನ್ನು ಕರೆದುಕೊಂಡೆ.

ಆಮೇಲೆ ಮಾರ್ಲಿಸ್‌ಳ ಕರಣೆ ನಿಂತಿತು. ಹಳದಿ ಮಣ್ಣಿನಲ್ಲಿ ತಟ್ಟೆಯಗಲದ ಕಪ್ಪು. ಅವಳು ಅಲ್ಲಿಂದ ಚಿಟಿಕೆಯಷ್ಟು ತೆಗೆದು ನನ್ನ ಕಡೆ ಚಾಚಿದಳು. ನಾನು ಅದನ್ನು ಎಡಗೈಯ ಮೇಲೆ ಎಳೆದೆ. ನೇರವಾದ ಕಪ್ಪು ಗೆರೆ ಮೂಡಿತು.

ಯಾರೋ ಒಬ್ಬ, ಬಹುಶಃ ಒದ್ದೆಯಾದ ಕಾಲಿನಲ್ಲಿ, ಹಿಂದಿನ ರಾತ್ರಿಯ ಬೆಂಕಿಯಿಂದ ಆರಿಸಿಟ್ಟುಕೊಂಡ ಇದ್ದಿಲನ್ನು ಇಲ್ಲಿ ಸುರಿದು ಮಣ್ಣು ಮುಚ್ಚಿದ್ದ. ಲೆಕ್ಕ ತಪ್ಪಿದ್ದ, 'ನಲವತ್ತು' ಎಂದು ಬರೆಸಿದ್ದ. ಆದರೆ ಗುರುತು ಇಟ್ಟದ್ದನ್ನು ಪ್ರಾಮಾಣಿಕವಾಗಿ ಇಟ್ಟಿದ್ದ. ಕಾನೂನಿನ ಪ್ರಕಾರ ಅವನು ಬರೆದದ್ದಕ್ಕಿಂತ ಅವನು ನೆಟ್ಟದ್ದೇ ಗಡಿ. ಇಷ್ಟೆಲ್ಲ ವರ್ಷದ ಮೇಲೆ ಮದ್ರಾಸಿನ ಇನ್ನೊಬ್ಬ ಕಡ್ಡಿ ಕಳೆದವನ ಕೈಗೆ ಆ ಇದ್ದಿಲು ಬಂತಲ್ಲ ಎಂದು ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಮಾರ್ಲಿಸ್ ಎದ್ದು ಮಂಡಿ ಝಾಡಿಸಿಕೊಂಡಳು. "ತೀರಾ ಕೆಟ್ಟದಾಗೇನಿಲ್ಲ" ಎಂದಳು. ಅವಳ ದನಿ ಒಡೆದಿತ್ತು.

ಲೋಯಿಸ್ ಬಂದು ಗುಂಡಿಯೊಳಗೆ ನೋಡಿದಳು. ಸಮಾಧಿಗಳ ಹತ್ತಿರ ಹೋಗಿ ಒಂದೊಂದು ಕಲ್ಲನ್ನೂ ಮುಟ್ಟಿ, ಹುಲ್ಲು ಸರಿಸಿದಳು. ಮಂಗಳಾ ಅವಳ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಹಾಗೇ ಕೂತಿದ್ದರು.

ಇನ್ನು ಹೊಸ ಗುರುತು ನೆಡಬೇಕಿತ್ತು. ಈಗಿನವರು ಕಬ್ಬಿಣದ ಸರಳು ಇಳಿಸಿ ಮೇಲೆ ಲೋಹದ ಬಿಲ್ಲೆ ಹಾಕುತ್ತಾರೆ. ನಮ್ಮ ಕಡೆಯಾದರೆ ಇದ್ದಿಲಿನ ಜೊತೆ ಮಡಕೆಯ ಚೂರೂ ಇಡುತ್ತಿದ್ದರು, ಸುಟ್ಟ ಮಣ್ಣಿಗೆ ಸಾವಿಲ್ಲ ಎಂದು ನಾನು ಮಾರ್ಲಿಸ್‌ಗೆ ಹೇಳುತ್ತಿದ್ದೆ. ಮಂಗಳಾ ಎದ್ದು ಬಂದಳು. ಕೈಚೀಲ ತೆಗೆದು, ಕರವಸ್ತ್ರ ಬಿಚ್ಚಿ, ಜಾಡಿಯ ಚೂರನ್ನು ನನ್ನ ಕೈಗಿಟ್ಟಳು.

"ನಿಮ್ಮಮ್ಮಂದಲ್ವೇ" ಎಂದೆ.

"ಮನೇಲಿ ಇಟ್ಕೊಂಡ್ರೆ ನಿಮ್ಮನ್ನ ಬಯ್ತಾ ಇರ್ತೀನಿ. ಇಲ್ಲಿ ಮಕ್ಕಳ ಹತ್ರ ಇರಲಿ, ಪರವಾಯಿಲ್ಲ."

ಮಾಂಬಲಂ

ಹೋದ ವಾರ ಮಾರ್ಲಿಸ್‌ಳಿಂದ ದೊಡ್ಡ ಲಕೋಟೆ ಬಂತು. ಕೌಂಟಿಯ ದಾಖಲೆಯಲ್ಲಿ ಸೇರಿಸಿದ ಹೊಸ ಟಿಪ್ಪಣಿಯ ಪ್ರತಿ. ಮೊದಲನೆಯ ಪುಸ್ತಕದ ಬಗೆಯಲ್ಲೇ ಬರೆದಿದ್ದಳು. ಊಟದ ಮೇಜಿನ ಮೇಲೆ ಹರಡಿಕೊಂಡು ಮಂಗಳಾಗೆ ಕನ್ನಡದಲ್ಲಿ ಓದಿ ಹೇಳಿದೆ. ಕೆಳಗೆ ರೈಲು ಹೋದಾಗ ಎರಡು ಸಲ ನಿಲ್ಲಿಸಬೇಕಾಯಿತು.

'ಮೂಲ ಇದ್ದಿಲು ಸಿಕ್ಕಿದೆ. ಅದನ್ನು ಕದಲಿಸಿಲ್ಲ. ಮೇಲೆ ಅಂಗೈ ಅಗಲದ ಪಿಂಗಾಣಿ ಚೂರು ಇಟ್ಟಿದೆ, ಕಂದು ಬಣ್ಣ, ಮದ್ರಾಸಿನ ಉಪ್ಪಿನಕಾಯಿ ಜಾಡಿಯದು. ಸರಪಳಿ ಎಳೆದವರು ಸದಾಶಿವ ಮತ್ತು ಲೋಯಿಸ್. ಕಡ್ಡಿ ಎಣಿಸಿದವರು ಮಂಗಳಾ.'

ಹನ್ನೊಂದು ವರ್ಷ ಸರಪಳಿ ಎಳೆದವನು ನಾನು. ನನ್ನ ಹೆಸರಿನ ಮೇಲೆ ಬೆರಳಾಡಿಸಿದೆ. ಮಂಗಳಾ ತನ್ನ ಹೆಸರನ್ನು ಎರಡನೇ ಸಲ ಓದಿಸುತ್ತಾಳೆ ಎಂದುಕೊಂಡೆ. ಅವಳು "ಮುಂದೆ ಓದಿ" ಎಂದಳು.

'ಈ ಗುರುತಿನ ದಕ್ಷಿಣಕ್ಕೆ, ಲೋಯಿಸ್‌ರ ಜಮೀನಿನಲ್ಲಿ, ನಾಲ್ಕು ಸಮಾಧಿ. ಪಶ್ಚಿಮದಿಂದ ಪೂರ್ವಕ್ಕೆ: ಓಲೆ. ಇಂಗಾ. ಮಾರ್ತಾ. ಹೆಸರಿಡದ ಒಂದು ಮಗು.'

ಮಂಗಳಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಹಾಕಿಕೊಂಡು, ಆ ಸಾಲನ್ನು ತಾನೇ ಓದಿದಳು.

"ಅದನ್ನೂ ಎಣಿಸಿದಾರೆ, ನೋಡಿ" ಎಂದಳು.